ಲಾಕ್‌ಡೌನ್‌ನಲ್ಲಿ ಸರಿಯಿದ್ದ ಮಗಳ ಶುಗರ್ ಶಾಲೆ ತೆರೆದ ಮೇಲೆ ಏಕೆ ಕೆಟ್ಟಿತು?

ಪ್ರಶ್ನೆ: ನಮ್ಮದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿ. ಮಗಳಿಗೆ ಏಳು ವರ್ಷವಿದ್ದಾಗ, 2019ರಲ್ಲಿ, ಟೈಪ್ 1 ಸಕ್ಕರೆ ಕಾಯಿಲೆ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಕಾಯಿಲೆ, ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಕರೋನಾ ವರ್ಷ ನಮ್ಮ ಯಜಮಾನರ ಮಗ್ಗ ನಿಂತು ದುಡ್ಡಿಗೆ ಬಹಳ ತೊಂದರೆಯಾಯಿತು. ಆದರೂ ಆಗ ಅವಳ ಶುಗರ್ ಚೆನ್ನಾಗಿತ್ತು, ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ ಎಚ್‌ಬಿಎ1ಸಿ 7.8 ಬಂದಿತ್ತು. ಈಗ ಅವಳಿಗೆ ಹದಿಮೂರು. ಹೋದ ತಿಂಗಳು 10.9 ಬಂತು. ಅವಳು ಬರೆದಿಡುವ ಪುಸ್ತಕದಲ್ಲಿ ಮಾತ್ರ ದಿನಾ 130, 140 ಅಂತಲೇ ಇರುತ್ತದೆ. ಸೂಜಿ ತಗೊಂಡೆ ಅನ್ನುತ್ತಾಳೆ, ತಗೊಂಡಿರುವುದಿಲ್ಲ. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ, ಹೆಣ್ಣುಮಗು, ನಾಳೆ ಲಗ್ನದ ಮಾತು ಬರುತ್ತದೆ. ಬೈದೆವು, ಒಂದೆರಡು ಸಲ ಹೊಡೆದದ್ದೂ ಆಯಿತು. ಕರೋನಾದಲ್ಲಿ ಮಕ್ಕಳ ಅಭ್ಯಾಸ ಕೆಟ್ಟವು ಅಂತ ಎಲ್ಲರೂ ಹೇಳುತ್ತಾರೆ, ನಮ್ಮದು ಉಲ್ಟಾ. ಹೀಗೇಕೆ? ಅಥಣಿಯಲ್ಲಿರುವ ನನ್ನ ತಂಗಿಯ ಮಗನಿಗೆ ದಮ್ಮು ಇದೆ. ಕರೋನಾದಲ್ಲಿ ಪಂಪು ಬಿಟ್ಟವನು ಮತ್ತೆ ಶುರು ಮಾಡಿಲ್ಲ. ಮುಂದೆ ಮತ್ತೆ ಅಂಥ ರೋಗ ಬಂದರೆ ನಾವು ಏನು ತಯಾರಿ ಇಟ್ಟುಕೊಳ್ಳಬೇಕು?

ಉತ್ತರ: ತಾಯಿ, ಮಗ್ಗ ನಿಂತು, ಸಂತೆ ನಿಂತು, ಬಸ್ಸು ನಿಂತಿದ್ದ ದಿನಗಳಲ್ಲಿ ಎಂಟು ವರ್ಷದ ಮಗುವಿನ ಎಚ್‌ಬಿಎ1ಸಿಯನ್ನು 7.8ಕ್ಕೆ ತಂದಿದ್ದು ಸಣ್ಣ ಕೆಲಸವಲ್ಲ. 7ರ ಕೆಳಗೆ ಇರಲಿ ಅಂತ ನಾವು ವೈದ್ಯರು ಹೇಳುತ್ತೇವೆ. ಎಲ್ಲ ಸೌಕರ್ಯ ಇರುವ ಮನೆಗಳಲ್ಲೂ ಎಷ್ಟೋ ಮಕ್ಕಳು ಅಲ್ಲಿಗೆ ಮುಟ್ಟುವುದಿಲ್ಲ. ನೀವು ಹತ್ತಿರ ಹೋಗಿದ್ದಿರಿ. ಇದನ್ನು ಮೊದಲು ಹೇಳುವುದಕ್ಕೆ ಕಾರಣವಿದೆ. ಅವತ್ತು ಅದನ್ನು ಸಾಧಿಸಿದವರು ನೀವೇ, ಮಗಳೂ ಅವಳೇ. ಆಮೇಲೆ ಬದಲಾದದ್ದು ಏನು ಅಂತ ಹುಡುಕೋಣ. ಮಗಳು ಕೆಟ್ಟಳು ಅನ್ನುವಲ್ಲಿಂದ ಶುರು ಮಾಡುವುದು ಬೇಡ.

ನಿಮ್ಮದು ಉಲ್ಟಾ ಕಥೆಯೂ ಅಲ್ಲ. ಇಟಲಿ, ಸ್ಪೇನ್‌ನಂಥ ಕಡೆ ಶುಗರನ್ನು ಸದಾ ಅಳೆಯುವ ಸೆನ್ಸರ್ ಮೈಗೆ ಹಾಕಿಕೊಂಡಿದ್ದ ಟೈಪ್ 1 ರೋಗಿಗಳ ಲೆಕ್ಕ ತೆಗೆದು ನೋಡಿದಾಗ, ಲಾಕ್‌ಡೌನ್‌ನಲ್ಲಿ ಹೆಚ್ಚಿನವರ ಶುಗರ್ ಕೆಟ್ಟಿರಲಿಲ್ಲ. ಎಷ್ಟೋ ಜನರಲ್ಲಿ ಸ್ವಲ್ಪ ಸುಧಾರಿಸಿತ್ತು. ಅಪ್ಪ ಅಮ್ಮ ಮನೆಯಲ್ಲೇ, ಊಟ ಮನೆಯದೇ, ಹೊರಗಿನ ತಿಂಡಿ ಇಲ್ಲ, ಬೆಳಗಿನ ಗಡಿಬಿಡಿಯೂ ಇಲ್ಲ. ನಮ್ಮ ದೇಶದ ಸುದ್ದಿ ಬೇರೆ ಇತ್ತು. 52 ಟೈಪ್ 1 ರೋಗಿಗಳನ್ನು ವಿಚಾರಿಸಿದ 2020ರ ಒಂದು ವರದಿಯಲ್ಲಿ ಅವರ ಸರಾಸರಿ ಎಚ್‌ಬಿಎ1ಸಿ 8.8ರಿಂದ 10ಕ್ಕೆ ಏರಿತ್ತು. ನಾಲ್ಕರಲ್ಲಿ ಒಬ್ಬರಿಗೆ ಇನ್ಸುಲಿನ್ ತಪ್ಪಿತ್ತು. ಇನ್ಸುಲಿನ್, ಶುಗರ್ ನೋಡುವ ಸ್ಟ್ರಿಪ್ ಕೈಗೆ ಸಿಗದೇ ಇದ್ದದ್ದೇ ಮುಖ್ಯ ಕಾರಣ. ನಿಮಗೆ ಇನ್ಸುಲಿನ್ ಹೇಗೋ ಸಿಕ್ಕಿತ್ತು, ಮನೆತುಂಬ ಜನರೂ ಇದ್ದರು. ಹಾಗಾಗಿ ಶುಗರ್ ಹಿಡಿತದಲ್ಲಿ ಉಳಿದುಕೊಂಡಿತು.

ಬೇರೆ ಕಾಯಿಲೆಗಳನ್ನು ನೋಡಿದರೂ ಇದೇ ಕಾಣುತ್ತದೆ. ಮನೆಯೊಳಗೆ ದೊಡ್ಡವರ ಕಣ್ಣೆದುರು ನಡೆಯುವ ಚಿಕಿತ್ಸೆ ಬಹುಮಟ್ಟಿಗೆ ಉಳಿಯಿತು. ಹೊಸ್ತಿಲು ದಾಟಿ ಹೋಗಿ ತಗೊಳ್ಳಬೇಕಾದದ್ದು ಮುರಿದುಬಿತ್ತು. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ತಲಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ರಕ್ತದಾನ ಶಿಬಿರಗಳು ನಿಂತವು. ಸಂಧಿವಾತದ ಜ್ವರದಿಂದ ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಬೀಳಬೇಕು, ಅದೂ ತಪ್ಪಿತು. ಫಿಟ್ಸ್ ಇರುವ ಮಕ್ಕಳ ಗುಳಿಗೆ ತೀರಿತು ಅಂದರೆ ಇನ್ನೂ ಅಪಾಯ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮೇಲಿಂದ ಮೇಲೆ ಬರಬಹುದು. ನಮ್ಮ ಭಾಗದಲ್ಲಿ ಇನ್ನೊಂದು ತೊಂದರೆ ಇತ್ತು. ಅಥಣಿ, ರಾಯಬಾಗ, ಜಮಖಂಡಿ ಕಡೆಯ ಎಷ್ಟೋ ಮನೆಯವರು ಮಕ್ಕಳನ್ನು ಮಹಾರಾಷ್ಟ್ರದ ಮಿರಜಕ್ಕೆ ತೋರಿಸುತ್ತಾರೆ. ಗಡಿಯಲ್ಲಿ ತಡೆ ಬಿದ್ದಾಗ ಅವರ ಡಾಕ್ಟರು ಬೇರೆ ರಾಜ್ಯದಲ್ಲಿ ಉಳಿದುಬಿಟ್ಟರು.

ಕಾಯಿಲೆ ಇದೆ ಅಂತಲೇ ಗೊತ್ತಿಲ್ಲದ ಮಕ್ಕಳಿಗೆ ಆದ ಕೇಡು ಇನ್ನೂ ದೊಡ್ಡದು. ಜರ್ಮನಿಯಲ್ಲಿ 2020ರ ಮಾರ್ಚ್‌ನಿಂದ ಮೇವರೆಗೆ ಹೊಸದಾಗಿ ಟೈಪ್ 1 ಪತ್ತೆಯಾದ ಮಕ್ಕಳಲ್ಲಿ ಸುಮಾರು ಶೇ 45 ಮಂದಿ ಆಸ್ಪತ್ರೆಗೆ ಬರುವ ಹೊತ್ತಿಗೆ, ಇನ್ಸುಲಿನ್ ಇಲ್ಲದೆ ಮೈ ಕೊಬ್ಬು ಸುಟ್ಟಾಗ ಬರುವ ಕೀಟೋನ್ ಏರಿ ರಕ್ತ ಹುಳಿಯಾದ ಸ್ಥಿತಿಯಲ್ಲಿದ್ದರು. ಹಿಂದಿನ ವರ್ಷ ಅದೇ ದಿನಗಳಲ್ಲಿ ಇದು ಸುಮಾರು ಶೇ 24 ಇತ್ತು. ದವಾಖಾನೆಗೆ ಹೋದರೆ ಕರೋನಾ ಹತ್ತುತ್ತದೆ ಎಂಬ ಭಯಕ್ಕೆ ಜನ ತಡ ಮಾಡಿದರು. ಈ ಸ್ಥಿತಿಯಲ್ಲಿ ಮಗು ಜೋರಾಗಿ ಉಸಿರಾಡುತ್ತದೆ. ಆ ದಿನಗಳಲ್ಲಿ ಅದನ್ನು ಕರೋನಾ ಅಂದುಕೊಳ್ಳುವುದೂ ಸುಲಭವಿತ್ತು.

ಈಗ ನಿಮ್ಮ ಮಗಳ ವಿಷಯ. ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಶಾಲೆಯಲ್ಲಿ ಯಾರಿಗೂ ಹೇಳಿಲ್ಲ ಅಂದಿರಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ ಅವಳ ವಯಸ್ಸಿನ ಮಕ್ಕಳಿಗೆ, ಅಂದರೆ ಒಂದರಿಂದ ಐದನೇ ತರಗತಿಗೆ, ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹೆಚ್ಚೂಕಮ್ಮಿ ಹತ್ತೊಂಬತ್ತು ತಿಂಗಳು ಅವಳು ಮನೆಯಲ್ಲಿದ್ದಳು. ಆ ಮನೆಯಲ್ಲಿ ಅವಳ ಕಾಯಿಲೆ ಎಲ್ಲರಿಗೂ ಗೊತ್ತು. ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಲು ಯಾರಿಗೂ ಹೆದರಬೇಕಿರಲಿಲ್ಲ. ಶುಗರ್ ಇಳಿದು ಕೈ ನಡುಗಿದರೆ ಅಜ್ಜಿಗೂ ಗೊತ್ತು, ಸಕ್ಕರೆ ಡಬ್ಬಿ ಎಲ್ಲಿದೆ ಅಂತ. ಶಾಲೆ ತೆರೆದ ದಿನದಿಂದ ಅವಳಿಗೆ ಎರಡು ಕೆಲಸ ಬಿದ್ದವು. ಕಾಯಿಲೆ ನೋಡಿಕೊಳ್ಳುವುದು ಒಂದು, ಅದನ್ನು ಮುಚ್ಚಿಡುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಬಿಸಿಯೂಟದ ಗಂಟೆ ಹೊಡೆದಾಗ ಗೆಳತಿಯರು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಇವಳು ಸಿರಿಂಜ್ ಹಿಡಿದು ಎಲ್ಲಿಗೆ ಹೋಗಬೇಕು? ಶೌಚಾಲಯಕ್ಕೆ ಹೋಗಬೇಕು, ಇಲ್ಲವೇ ಸೂಜಿ ಬಿಡಬೇಕು. ಅವಳು ಬಿಟ್ಟಿದ್ದಾಳೆ. ಅನ್ನ, ಸಾಂಬಾರು, ಹಾಲು, ಕೆಲವು ದಿನ ರಾಗಿ ಮಾಲ್ಟು, ಮೊಟ್ಟೆ ಬೇಡ ಅಂದವರಿಗೆ ಬಾಳೆಹಣ್ಣು. ಇಷ್ಟು ಹೊಟ್ಟೆಗೆ ಹೋಗಿ ಇನ್ಸುಲಿನ್ ಬೀಳದಿದ್ದರೆ ಸಂಜೆ ಮನೆಗೆ ಬರುವಾಗ ಶುಗರ್ 300, 400 ಇರುತ್ತದೆ. ರಾತ್ರಿ ಮನೆಯಲ್ಲಿ ಎಷ್ಟು ಶಿಸ್ತು ಮಾಡಿದರೂ ಆ ಮಧ್ಯಾಹ್ನದ ಸಾಲ ತೀರುವುದಿಲ್ಲ.

ಲಗ್ನದ ಚಿಂತೆಯನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ನಮ್ಮ ಊರುಗಳಲ್ಲಿ ಆ ಮಾತು ಎಷ್ಟು ಬೇಗ ಬರುತ್ತದೆ, ಎಷ್ಟು ನೋಯಿಸುತ್ತದೆ ಅಂತ ಬಲ್ಲೆ. ಆದರೆ ಲೆಕ್ಕ ಹಾಕಿ ನೋಡಿ. ಟೈಪ್ 1 ಇದ್ದು ಶುಗರ್ ಹಿಡಿತದಲ್ಲಿ ಇಟ್ಟುಕೊಂಡ ಹೆಣ್ಣುಮಕ್ಕಳು ಓದುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಮದುವೆಯಾಗುತ್ತಾರೆ, ಮಕ್ಕಳನ್ನು ಹೆರುತ್ತಾರೆ. ವರ್ಷಗಟ್ಟಲೆ 10, 11ರಲ್ಲಿ ಉಳಿದರೆ ಕಣ್ಣಿಗೆ, ಮೂತ್ರಪಿಂಡಕ್ಕೆ, ನರಗಳಿಗೆ ಆಗುವ ಹಾನಿಯನ್ನು ಯಾವ ಗುಟ್ಟೂ ಮುಚ್ಚಿಡಲಾರದು. ಊರಿಗೆಲ್ಲ ಸಾರಿ ಅಂತ ನಾನು ಹೇಳುತ್ತಿಲ್ಲ. ಮುಖ್ಯೋಪಾಧ್ಯಾಯರಿಗೆ, ಕ್ಲಾಸ್ ಟೀಚರಿಗೆ, ಅವಳೇ ಆರಿಸಿಕೊಂಡ ಒಬ್ಬ ಗೆಳತಿಗೆ, ಸದ್ಯ ಈ ಮೂವರಿಗೆ ಗೊತ್ತಿದ್ದರೆ ಸಾಕು. ಯಾವ ಗೆಳತಿಗೆ ಹೇಳಬೇಕು ಅನ್ನುವುದನ್ನು ಅವಳಿಗೇ ಬಿಡಿ.

ಎರಡನೇ ಬದಲಾವಣೆ, ಕೈ ಬದಲಾಗಿದ್ದು. 2020ರಲ್ಲಿ ಸೂಜಿ ಹಾಕುತ್ತಿದ್ದವರು ನೀವು ಇಬ್ಬರು. ಆಮೇಲೆ ಮಗ್ಗ ಶುರುವಾಯಿತು, ಸಾಲ ತೀರಿಸಬೇಕಿತ್ತು, ನಿಮ್ಮ ಯಜಮಾನರು ಹೊತ್ತು ಹುಟ್ಟುವ ಮೊದಲೇ ಮಗ್ಗದ ಮುಂದೆ, ನೀವು ಕಂಡಿಕೆ ಸುತ್ತಲು. ಮಗಳು ದೊಡ್ಡವಳಾದಳು, ಅವಳಿಗೇ ಚುಚ್ಚಿಕೊಳ್ಳಲು ಬರುತ್ತದೆ ಅಂತ ಬಿಟ್ಟಿರಿ. ನೇಕಾರರ ಮನೆಯಲ್ಲಿ ಮಾತ್ರ ಅಲ್ಲ, ಮಾಸ್ತರರ ಮನೆಯಲ್ಲೂ, ಡಾಕ್ಟರರ ಮನೆಯಲ್ಲೂ ಇದು ಹೀಗೇ ಆಗುತ್ತದೆ. ಹದಿಮೂರು ವರ್ಷದ ಹುಡುಗಿಗೆ ಚುಚ್ಚಿಕೊಳ್ಳಲು ಬರುತ್ತದೆ ನಿಜ. ದಿನಾ ನಾಲ್ಕು ಸಲ ನೆನಪಿಟ್ಟು, ಊಟ ನೋಡಿ ಲೆಕ್ಕ ಹಾಕಿ, ಬೇಜಾರಿದ್ದ ದಿನವೂ ಬಿಡದೆ ಮಾಡುವುದು ಬೇರೆ. ದೊಡ್ಡವರಿಗೇ ಅದು ಆಗುವುದಿಲ್ಲ. ದೀರ್ಘ ಕಾಯಿಲೆಗಳಲ್ಲಿ ಮುಂದುವರಿದ ದೇಶಗಳಲ್ಲೂ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಅಪ್ಪ ಅಮ್ಮ ಹದಿಹರೆಯದಲ್ಲೂ ಪಾಲು ತಗೊಂಡ ಮನೆಗಳಲ್ಲಿ ಶುಗರ್ ಚೆನ್ನಾಗಿರುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ.

ಮೂರನೆಯದು ಅವಳ ಕೈಯಲ್ಲಿ ಇಲ್ಲವೇ ಇಲ್ಲ. ಮೈ ನೆರೆಯುವ ವಯಸ್ಸಿನಲ್ಲಿ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಚಿಕ್ಕ ಮಗುವಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.7ರಿಂದ 1 ಯುನಿಟ್ ಸಾಕಾಗುತ್ತದೆ. ಈ ವಯಸ್ಸಿನಲ್ಲಿ ಒಂದಕ್ಕಿಂತ ಜಾಸ್ತಿ, ಕೆಲವರಿಗೆ ಎರಡರವರೆಗೂ ಬೇಕಾಗಬಹುದು. ಉದಾಹರಣೆಗೆ ಆಗ 22 ಕೆ.ಜಿ. ಇದ್ದ ಮಗುವಿಗೆ ದಿನಕ್ಕೆ 18 ಯುನಿಟ್ ಸಾಕಿತ್ತು ಅಂದುಕೊಳ್ಳಿ. ಈಗ 40 ಕೆ.ಜಿ. ಆಗಿದ್ದರೆ 45, 50 ಕೂಡ ಬೇಕಾದೀತು. ಡೋಸು ಎರಡು ವರ್ಷದಿಂದ ಹಾಗೇ ಇದ್ದರೆ, ಒಂದು ಸೂಜಿಯೂ ತಪ್ಪಿಸದ ಹುಡುಗಿಯ ಶುಗರ್ ಕೂಡ ಏರುತ್ತದೆ. ಡೋಸನ್ನು ನೀವಾಗಿ ಬದಲಿಸಬೇಡಿ, ಡಾಕ್ಟರ ಹತ್ತಿರ ಕೂತು ಬದಲಿಸಿ. ಜೊತೆಗೆ ಅವಳ ಹೊಟ್ಟೆ, ತೊಡೆ ಮುಟ್ಟಿ ನೋಡಿ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಚುಚ್ಚಿದರೆ ಅಲ್ಲಿ ರಬ್ಬರಿನಂಥ ಗಂಟು ಆಗುತ್ತದೆ. ನೋವಾಗುವುದಿಲ್ಲ ಅಂತ ಮಕ್ಕಳು ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಆ ಗಂಟಿನಿಂದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ.

ಪುಸ್ತಕದ 130, 140ರ ಬಗ್ಗೆ. ಎಚ್‌ಬಿಎ1ಸಿ ಹಿಂದಿನ ಎರಡು-ಮೂರು ತಿಂಗಳ ಲೆಕ್ಕ. 10.9 ಅಂದರೆ ಸರಾಸರಿ ಶುಗರ್ ಸುಮಾರು 265. ಪುಸ್ತಕದಲ್ಲಿ ಇರುವಂತೆ ದಿನಾ 140ರ ಆಸುಪಾಸು ಇದ್ದಿದ್ದರೆ 6.5 ಬರಬೇಕಿತ್ತು. ಇಂಥ ಪುಸ್ತಕಗಳು ನನ್ನ ಮೇಜಿನ ಮೇಲೆ ಬಹಳ ಬರುತ್ತವೆ. ಹದಿನೈದು ದಿನದ ಅಂಕಿ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಿನಲ್ಲಿ, ಎಲ್ಲವೂ ಸೊನ್ನೆಯಲ್ಲೇ ಮುಗಿಯುತ್ತವೆ. ಹಾಳೆಯ ಮೇಲೆ ರಕ್ತದ ಒಂದು ಚುಕ್ಕೆಯೂ ಇರುವುದಿಲ್ಲ. ದವಾಖಾನೆಗೆ ಬರುವ ಹಿಂದಿನ ರಾತ್ರಿ ಕೂತು ಬರೆದದ್ದು ಅಂತ ನೋಡಿದ ಕೂಡಲೇ ತಿಳಿಯುತ್ತದೆ. ಮಗು ಹೀಗೇಕೆ ಬರೆಯುತ್ತದೆ? 280 ಅಂತ ಬರೆದ ದಿನ ಬೈಗುಳ ಬಿದ್ದಿರುತ್ತದೆ, 140 ಅಂತ ಬರೆದ ದಿನ ಮನೆ ತಣ್ಣಗಿರುತ್ತದೆ. ಅಷ್ಟೇ. ಅದಕ್ಕೇ ಹೇಳುತ್ತೇನೆ, ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಹೊಡೆತಕ್ಕೆ ಹೆದರಿ ಯಾವ ಮಗುವೂ ಸೂಜಿ ತಗೊಳ್ಳುವುದಿಲ್ಲ, ಸುಳ್ಳು ಬರೆಯುವುದನ್ನು ಕಲಿಯುತ್ತದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: ಅಂಕಿ ಎಷ್ಟೇ ಬರಲಿ, ಬೈಯುವುದಿಲ್ಲ, ನಿಜವಾದ ಅಂಕಿ ಬೇಕು, ಎಷ್ಟು ಇನ್ಸುಲಿನ್ ಹಾಕಬೇಕು ಅಂತ ಅದರಿಂದಲೇ ಗೊತ್ತಾಗುವುದು. ಹೇಳಿದ ಮೇಲೆ ಮಾತು ಉಳಿಸಿಕೊಳ್ಳಿ. ಮೊದಲ ಸಲ 350 ಅಂತ ನಿಜ ಹೇಳಿದಾಗ ನಿಮ್ಮ ಮುಖ ಹೇಗಿರುತ್ತದೆ ಅಂತ ಅವಳು ನೋಡುತ್ತಾಳೆ. ಮೀಟರಿನ ಮೆಮೊರಿಯಲ್ಲಿ ಎಲ್ಲ ಅಂಕಿ ಉಳಿದಿರುತ್ತದೆ, ಇನ್ನು ಮೇಲೆ ಅದನ್ನೇ ಡಾಕ್ಟರಿಗೆ ತೋರಿಸಿ.

ಒಂದು ತಿಂಗಳ ಮಟ್ಟಿಗೆ ಕೆಲಸವನ್ನು ಮತ್ತೆ ನಿಮ್ಮ ಕೈಗೆ ತಗೊಳ್ಳಿ. ಶಿಕ್ಷೆಯ ಹಾಗೆ ಅಲ್ಲ, "ಇಷ್ಟು ದಿನ ಒಬ್ಬಳೇ ಮಾಡಿದಿ, ಸ್ವಲ್ಪ ದಿನ ನಾವು ಮಾಡತೀವಿ" ಅನ್ನಿ. ಬೆಳಗಿನದು ಮಗ್ಗಕ್ಕೆ ಹೋಗುವ ಮೊದಲು ಅಪ್ಪ ಹಾಕಬಹುದೇ? ಅದಕ್ಕೆ ಅವಳ ರೊಟ್ಟಿಯ ಹೊತ್ತು ಮುಂದೆ ತರಬೇಕಾಗಬಹುದು. ಆಗದಿದ್ದರೆ ನೀವು. ರಾತ್ರಿ ಊಟದ್ದು ಮತ್ತು ಮಲಗುವಾಗಿನ, ಬಹಳ ಹೊತ್ತು ಕೆಲಸ ಮಾಡುವ ದೀರ್ಘ ಇನ್ಸುಲಿನ್ ನಿಮ್ಮ ಎದುರಿಗೇ. ಮಲಗುವಾಗಿನ ಆ ಒಂದನ್ನು ಯಾವ ಕಾರಣಕ್ಕೂ ಬಿಡಬೇಡಿ. ಮಲಗುವ ಹೊತ್ತೂ ಒಂದೇ ಇರಲಿ. ಲಾಕ್‌ಡೌನ್‌ನಲ್ಲಿ ಮೊಬೈಲ್ ನೋಡುತ್ತ ಹನ್ನೆರಡಕ್ಕೆ ಮಲಗಿ ಹತ್ತಕ್ಕೆ ಏಳುವ ರೂಢಿ ಬಹಳ ಮಕ್ಕಳಿಗೆ ಅಂಟಿತು. ಆಗ ಅದರಿಂದ ಶುಗರಿಗೆ ಅಷ್ಟು ತೊಂದರೆ ಆಗಲಿಲ್ಲ, ಏಕೆಂದರೆ ಊಟವೂ ಸೂಜಿಯೂ ಜೊತೆಗೇ ತಡವಾಗುತ್ತಿದ್ದವು. ಶಾಲೆಯ ದಿನ ಹನ್ನೆರಡಕ್ಕೆ ಮಲಗಿದ ಮಗು ಬೆಳಗ್ಗೆ ಎದ್ದು ಓಡುತ್ತದೆ. ಮೊದಲು ಬಿಟ್ಟುಹೋಗುವುದು ಬೆಳಗಿನ ತಪಾಸಣೆ.

ಶಾಲೆಗೆ ನೀವು ಇಬ್ಬರೂ ಒಂದು ದಿನ ಹೋಗಿ. ಒಂದು ಸಣ್ಣ ಡಬ್ಬಿ ಒಯ್ಯಿರಿ. ಮೀಟರ್, ಸ್ಟ್ರಿಪ್, ಇನ್ಸುಲಿನ್, ಸಿರಿಂಜ್, ಗ್ಲೂಕೋಸ್ ಪುಡಿ ಅಥವಾ ಸಕ್ಕರೆ, ಕನ್ನಡದಲ್ಲಿ ಬರೆದ ಒಂದು ಚೀಟಿ. ಚೀಟಿಯಲ್ಲಿ ಇಷ್ಟೇ ಇರಲಿ: ಬೆವರಿದರೆ, ಕೈ ನಡುಗಿದರೆ, ಮಂಕಾದರೆ ಶುಗರ್ ಇಳಿದಿರಬಹುದು, ಎರಡು-ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ಮೀಟರ್ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಕೊಡಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ದವಾಖಾನೆಗೆ ಒಯ್ಯಿರಿ. ಕೆಳಗೆ ನಿಮ್ಮ ಫೋನ್ ನಂಬರು. ಡಬ್ಬಿ ಸ್ಟಾಫ್ ರೂಮಿನಲ್ಲಿರಲಿ, ಅವಳು ಅಲ್ಲೇ ಒಂದು ಮೂಲೆಯಲ್ಲಿ ಸೂಜಿ ಹಾಕಿಕೊಳ್ಳಲಿ. ಅವಳದು ಸಾದಾ ರೆಗ್ಯುಲರ್ ಇನ್ಸುಲಿನ್ ಆಗಿದ್ದರೆ ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ಬೇಕು, ಅಂದರೆ ಪಾಠದ ನಡುವೆ ಎದ್ದು ಹೋಗಲು ಟೀಚರ್ ಬಿಡಬೇಕು. ಇದು ಆಗದ ಮಾತು ಅನಿಸಿದರೆ ಡಾಕ್ಟರಿಗೆ ಹೇಳಿ. ಊಟಕ್ಕೆ ಕೂರುವಾಗಲೇ ಹಾಕುವ ಬೇಗ ಕೆಲಸ ಮಾಡುವ ಇನ್ಸುಲಿನ್ ಇದೆ, ಬೆಲೆ ಜಾಸ್ತಿ. ಅದೂ ಆಗದಿದ್ದರೆ ಎರಡು ಬಗೆಯ ಇನ್ಸುಲಿನ್ ಮೊದಲೇ ಬೆರೆಸಿರುವ, ದಿನಕ್ಕೆ ಎರಡು ಸಲದ ಪ್ರೀಮಿಕ್ಸ್ ಪದ್ಧತಿ ಇದೆ. ಅದು ನಾಲ್ಕು ಸಲದಷ್ಟು ಒಳ್ಳೆಯದಲ್ಲ. ಆದರೂ ನಿಜವಾಗಿ ಬೀಳುವ ಎರಡು ಸೂಜಿ, ಪುಸ್ತಕದಲ್ಲಷ್ಟೇ ಇರುವ ನಾಲ್ಕಕ್ಕಿಂತ ಎಷ್ಟೋ ಮೇಲು. ಯಾವುದು ನಡೆಯುತ್ತದೆ ಅಂತ ಡಾಕ್ಟರಿಗೆ ನಿಜ ಹೇಳಿದರೆ ಅವರು ಅದಕ್ಕೆ ತಕ್ಕಂತೆ ಬರೆಯುತ್ತಾರೆ.

ಕದ್ದು ತಿನ್ನುವ ವಿಷಯ ನೀವು ಬರೆದಿಲ್ಲ, ಆದರೂ ಇದ್ದೇ ಇರುತ್ತದೆ. ಪಂಚಮಿಯಲ್ಲಿ ಮನೆ ತುಂಬ ಉಂಡಿ ಕಟ್ಟಿ, ಅವಳಿಗೊಬ್ಬಳಿಗೆ ಬೇಡ ಅಂದರೆ ಅವಳು ಅಟ್ಟದ ಡಬ್ಬಿಗೆ ಕೈ ಹಾಕುತ್ತಾಳೆ. ಕದ್ದು ತಿಂದದ್ದಕ್ಕೆ ಇನ್ಸುಲಿನ್ ಹಾಕಿಕೊಳ್ಳಲು ಬರುವುದಿಲ್ಲ, ಹಾಕಿಕೊಂಡರೆ ಸಿಕ್ಕಿಬೀಳುತ್ತಾಳಲ್ಲ. ಒಂದು ಉಂಡಿ ಎಲ್ಲರ ಎದುರು ತಿನ್ನಲಿ, ಅದಕ್ಕೆ ತಕ್ಕ ಯುನಿಟ್ ಎಷ್ಟು ಅಂತ ಮೊದಲೇ ಡಾಕ್ಟರ ಹತ್ತಿರ ಕೇಳಿಟ್ಟುಕೊಳ್ಳಿ. ಇನ್ನೊಂದು ಸೂಕ್ಷ್ಮ. ಈ ವಯಸ್ಸಿನ ಕೆಲವು ಹುಡುಗಿಯರು ಇನ್ಸುಲಿನ್ ತಗೊಂಡರೆ ದಪ್ಪ ಆಗುತ್ತೇನೆ ಅಂತಲೂ ಬಿಡುತ್ತಾರೆ. ಬೈಯದೆ ಕೇಳಿ ನೋಡಿ. ಅವಳು ಯಾರ ಜೊತೆಗೂ ಸೇರುತ್ತಿಲ್ಲ, ಸುಮ್ನೆ ಅಳುತ್ತಾಳೆ, ಸಾಕಾಗಿದೆ ಅನ್ನುತ್ತಾಳೆ ಅಂತಾದರೆ ಅದನ್ನು ಹಟ ಅಂದುಕೊಳ್ಳಬೇಡಿ. ದಿನಾ ಚುಚ್ಚಿಕೊಳ್ಳುವ ಮಕ್ಕಳ ಮನಸ್ಸು ದಣಿಯುತ್ತದೆ. ಡಾಕ್ಟರಿಗೆ ತಿಳಿಸಿ. ಟೆಲಿ ಮಾನಸ್‌ನ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ನಿಮ್ಮ ತಂಗಿಯ ಮಗನದು ಬೇರೆ ದಾರಿ. 2020-21ರಲ್ಲಿ ಶಾಲೆ ಮುಚ್ಚಿತ್ತು, ಬಾಯಿಗೆ ಮಾಸ್ಕ್ ಇತ್ತು, ನೆಗಡಿ ಅಷ್ಟಾಗಿ ಹರಡಲಿಲ್ಲ. ಮಕ್ಕಳಿಗೆ ದಮ್ಮು ಕೆರಳುವುದು ಹೆಚ್ಚಾಗಿ ನೆಗಡಿಯ ವೈರಸ್ಸಿನಿಂದ. ಹಾಗಾಗಿ ಎಷ್ಟೋ ದೇಶಗಳಲ್ಲಿ ಆಗ ದಮ್ಮಿಗೆ ಆಸ್ಪತ್ರೆ ಸೇರುವ ಮಕ್ಕಳು ಕಡಿಮೆಯಾದರು. ಅವನೂ ಆರಾಮಾಗಿದ್ದ. ವಾಸಿಯಾಯಿತು ಅಂತ ಮನೆಯವರು ತಿಳಿದರು. ಸ್ಟೀರಾಯ್ಡ್ ಪಂಪು ತಗೊಂಡರೆ ಕರೋನಾ ಜಾಸ್ತಿ ಆಗುತ್ತದೆ ಅನ್ನುವ ಮಾತೂ ಆಗ ಓಡಾಡಿತ್ತು. ಪಂಪು ನಿಲ್ಲಿಸಬೇಡಿ ಅಂತಲೇ ಅಸ್ತಮಾ ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿತ್ತು. ಈಗ ಶಾಲೆ ಇದೆ, ನೆಗಡಿ ಇದೆ, ಅಥಣಿಯಲ್ಲಿ ಕಬ್ಬು ಕಡಿದ ಮೇಲೆ ರವದಿ ಸುಡುವ ಹೊಗೆಯೂ ಇದೆ. ಅವನು ಬರೀ ನೀಲಿ ಪಂಪು, ಅಂದರೆ ತಕ್ಷಣ ಉಸಿರು ಬಿಡಿಸುವ ಪಂಪು, ಎಳೆದು ದಿನ ದೂಡುತ್ತಿರಬಹುದು. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಅದು ಬೇಕಾಗುತ್ತಿದ್ದರೆ ದಮ್ಮು ಹಿಡಿತದಲ್ಲಿಲ್ಲ ಅಂತ ಅರ್ಥ. ದಿನಾ ತಗೊಳ್ಳುವ ತಡೆ ಪಂಪನ್ನು ಡಾಕ್ಟರ ಹತ್ತಿರ ತೋರಿಸಿ ಮತ್ತೆ ಶುರು ಮಾಡಿಸಲು ಹೇಳಿ. ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಕೊಳವೆ, ಹಾಕಿಯೇ ತಗೊಳ್ಳಲಿ. ಪಂಪನ್ನು ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಇಡಿ. ಪಂಪು ಎಳೆದು, ಆಮೇಲೆ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೆನಪೂ ಉಳಿಯುತ್ತದೆ, ಬಾಯಿ ಹುಣ್ಣೂ ಆಗುವುದಿಲ್ಲ.

ಮತ್ತೆ ಅಂಥ ರೋಗ ಬಂದರೆ ಅಂತ ಕೇಳಿದ್ದೀರಿ. 1918ರ ಇನ್‌ಫ್ಲುಯೆಂಜಾ ಮುಂಬೈ ಪ್ರಾಂತವನ್ನು ಬಡಿದಾಗ ನಮ್ಮ ಬೆಳಗಾವಿ, ವಿಜಯಪುರ ಅದರೊಳಗೇ ಇದ್ದವು. ಆಗ ಟೈಪ್ 1 ಬಂದ ಮಗುವಿಗೆ ಔಷಧಿಯೇ ಇರಲಿಲ್ಲ. ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಸೂಜಿ ಬಿದ್ದದ್ದು 1922ರ ಜನವರಿಯಲ್ಲಿ. ಇವತ್ತು ಔಷಧಿ ಇದೆ, ಅದು ಮನೆಯಲ್ಲಿ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಒಂದು ತಿಂಗಳಿಗೆ ಬೇಕಾದ ಇನ್ಸುಲಿನ್, ಸಿರಿಂಜ್, ಸ್ಟ್ರಿಪ್ ಯಾವಾಗಲೂ ಹೆಚ್ಚಿಗೆ ಇರಲಿ. ಹೊಸದು ತಂದಾಗ ಹಳೆಯದನ್ನು ಮೊದಲು ಬಳಸಿ, ತಾರೀಖು ನೋಡಿ. ಒಮ್ಮೆಲೇ ಕೊಳ್ಳುವುದು ಭಾರವಾದರೆ ಜನೌಷಧಿ ಕೇಂದ್ರದಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸ್ ಆಗುವ ಖಾನೆಯಲ್ಲಿ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ತೆರೆದದ್ದು ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಬರುತ್ತದೆ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಕರೆಂಟೂ ಹೋಗುತ್ತದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಉಸುಕು ತುಂಬಿ ನೀರು ಹಾಕುತ್ತ ಇರಿ. ಇನ್ಸುಲಿನ್ನನ್ನು ಮುಚ್ಚಿದ ಡಬ್ಬಿಯಲ್ಲಿ ಹಾಕಿ ಒಳಗಿನ ಗಡಿಗೆಯಲ್ಲಿಡಿ. ನಮ್ಮದು ಒಣ ಬಿಸಿಲು, ಅದರಲ್ಲಿ ಇದು ಚೆನ್ನಾಗಿ ತಂಪಾಗಿರುತ್ತದೆ.

ಔಷಧಿ ಸಿಗದ ದಿನಗಳಲ್ಲಿ ಒಂದು ದೊಡ್ಡ ಅಪಾಯ ಸಿರಿಂಜ್ ಅದಲು ಬದಲಾಗುವುದು. ಒಂದು ಎಂ.ಎಲ್.ಗೆ 40 ಯುನಿಟ್ಟಿನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯುನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಡೋಸು ಬೀಳುತ್ತದೆ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟಾಗ ಬಾಟಲಿಯ ಮೇಲಿನ ಅಂಕಿ ಓದಿ.

ಡಾಕ್ಟರ ಚೀಟಿಯ ಫೋಟೊ ಇಬ್ಬರ ಮೊಬೈಲಿನಲ್ಲೂ ಇರಲಿ. ಫೋನಿನಲ್ಲಿ ರೋಗಿ ನೋಡಿ ಔಷಧಿ ಬರೆಯಲು 2020ರ ಮಾರ್ಚ್ 25ಕ್ಕೆ ಸರ್ಕಾರ ನಿಯಮ ತಂದಿದೆ. ಹಳೆಯ ಕಾಯಿಲೆಯ ಔಷಧಿ ಮುಂದುವರಿಸಲು ಅದು ಸಾಕು. ಮಿರಜಕ್ಕೆ ತೋರಿಸುವ ನಿಮ್ಮ ತಂಗಿಯಂಥವರು ಗಡಿಯ ಈ ಕಡೆ, ಬೆಳಗಾವಿಯಲ್ಲೋ ಬಾಗಲಕೋಟೆಯಲ್ಲೋ, ಇನ್ನೊಬ್ಬ ಮಕ್ಕಳ ಡಾಕ್ಟರಿಗೆ ಈಗಲೇ ಒಂದು ಸಲ ತೋರಿಸಿ ಫೈಲ್ ಮಾಡಿಸಿಟ್ಟರೆ ಒಳ್ಳೆಯದು.

ಕೊನೆಗೆ, ಮಗಳಿಗೆ ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಜ್ವರದಲ್ಲಿ ಅದರ ಅಗತ್ಯ ಹೆಚ್ಚಾಗುವುದೇ ಜಾಸ್ತಿ. ಮೂರು-ನಾಲ್ಕು ತಾಸಿಗೊಮ್ಮೆ ಶುಗರ್ ನೋಡಿ, ನೀರು ಕುಡಿಸುತ್ತ ಇರಿ, ಡೋಸಿಗೆ ಡಾಕ್ಟರಿಗೆ ಫೋನ್ ಮಾಡಿ. 250 ದಾಟಿ ಅಲ್ಲೇ ನಿಂತರೆ ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಇರುತ್ತದೆ, ಅದರಲ್ಲಿ ನೋಡಿ. ಮೇಲಿಂದ ಮೇಲೆ ವಾಂತಿ, ಹೊಟ್ಟೆನೋವು, ಜೋರು ಉಸಿರು, ಬಾಯಿಂದ ಕೊಳೆತ ಹಣ್ಣಿನಂಥ ವಾಸನೆ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಊರು ಬಂದ್ ಇದ್ದರೂ 108 ಆಂಬುಲೆನ್ಸ್ ಬರುತ್ತದೆ. ಹತ್ತಿದ ಕೂಡಲೇ ಇವಳಿಗೆ ಟೈಪ್ 1 ಸಕ್ಕರೆ ಕಾಯಿಲೆ ಇದೆ ಅಂತ ಮೊದಲು ಹೇಳಿ, ಜ್ವರದ ಮಾತು ಆಮೇಲೆ.